ಬೀದಿಗೊಪ್ಪುವ ಮಹಡಿ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಅನುಭವದ ಮಾತು. ಇಂದು ಚಿಕ್ಕಮಗಳೂರಿನ ಹಳೆಯ ಬೀದಿಗಳಲ್ಲಿ, ಹೆಂಚಿನ ಮನೆಗಳ ನಡುವೆ, ಬಹುಮಹಡಿ ಕಟ್ಟಡಗಳು ತಲೆಯೆತ್ತುತ್ತಿವೆ. ನಾಳೆ ಮೂಡಿಗೆರೆ, ಕಳಸಗಳ ಸರದಿ. ಇದರಿಂದ ಊರಿನ ಚೆಲುವು ಕೆಟ್ಟಿತೆಂದು ಕೆಲವರು ಮರುಗುವರು. ಊರು ಬೆಳೆಯಬೇಡವೇ ಎಂದು ಮತ್ತೆ ಕೆಲವರು ಕೇಳುವರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು.

ನಾನು ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಲೈನಿನಲ್ಲಿ ಬೆಳೆದವನು; ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ನನ್ನಂತಹವರು ಓದಿಗಾಗಿ, ಉದ್ಯೋಗಕ್ಕಾಗಿ ಪಟ್ಟಣಕ್ಕೆ ಬಂದಾಗ ನಿವೇಶನ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಒಂದೇ ನಿವೇಶನದಲ್ಲಿ ಎಂಟು ಸಂಸಾರಗಳು ಬಾಳಬಹುದಾದ ಕಟ್ಟಡವೇ ಬೇಡವೆಂದರೆ, ನಮ್ಮನ್ನು ಊರ ಹೊರಗೆ ನಿಲ್ಲಿಸಿದಂತೆಯೇ ಸರಿ. ಆದುದರಿಂದ ಮಹಡಿ ಮನೆ ಬೇಕೇ ಎಂಬುದಕ್ಕಿಂತ, ಅದು ಹೇಗಿರಬೇಕೆಂಬುದೇ ಮುಖ್ಯ ಪ್ರಶ್ನೆ.

ಹೊಸತನವೇ ದೋಷವಲ್ಲ. ನಮ್ಮದೆಂದು ಹೆಮ್ಮೆಪಡುವ ಮಂಗಳೂರು ಹೆಂಚೂ ಒಂದು ಕಾಲಕ್ಕೆ ಹೊಸದೇ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅದರ ಕಾರ್ಖಾನೆ ತೆರೆದುದು 1865ರಲ್ಲಿ. ನಮ್ಮ ಮಳೆಗೆ ಒಗ್ಗಿದುದರಿಂದ ಅದು ನಮ್ಮದಾಯಿತು. ಸಮತಟ್ಟಾದ ತಾರಸಿಯಾದರೋ ಕೆಲವು ಮಳೆಗಾಲ ಕಳೆಯುವುದರೊಳಗೆ ಸೋರತೊಡಗಿ, ಮೇಲೊಂದು ತಗಡಿನ ಮಾಡು ಹೊದ್ದುಕೊಳ್ಳುವುದನ್ನು ಮಲೆನಾಡಿನಲ್ಲಿ ಎಷ್ಟೋ ಕಡೆ ಕಾಣುತ್ತೇವೆ. ಕೊನೆಗೆ ಬೇಕಾಗುವ ಇಳಿಜಾರು ಮಾಡನ್ನು ಮೊದಲ ನಕ್ಷೆಯಲ್ಲಿಯೇ ಏಕೆ ಬರೆಯಬಾರದು?

ನೀರಿನ ಲೆಕ್ಕವೂ ಇದೆ. 100 ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು ಇಳಿಯುವುದು. ಕಳಸದ ಕಡೆ ಮಳೆಗಾಲದ ಒಂದೇ ದಿನದಲ್ಲಿ ಅಷ್ಟು ಸುರಿಯುವುದು ಅಪರೂಪವಲ್ಲ. ಅಂಗಳಕ್ಕೆಲ್ಲ ಸಿಮೆಂಟು ಬಳಿದರೆ ಆ ನೀರು ಪಕ್ಕದ ಹಳೆಯ ಮನೆಯ ಮಣ್ಣಿನ ಗೋಡೆಯ ಬುಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು?

ಹಾಗಾದರೆ ಆಗಬೇಕಾದುದೇನು? ಬೀದಿಯ ಕಡೆಗೆ ನೆರೆಮನೆಗಳ ಎತ್ತರಕ್ಕೆ ಹೊಂದುವ ಎರಡು ಅಂತಸ್ತು, ಉಳಿದವು ಹಿಂಬದಿಗೆ. ಗೋಡೆ ನೆನೆಯದಂತೆ ಮುಂಚಾಚಿದ ಸೂರು. ನೀರು ಇಂಗಲು ಒಂದಿಷ್ಟು ಮಣ್ಣಿನ ಅಂಗಳ. ಮಳೆಗಾಲದಲ್ಲಿ ಬಟ್ಟೆ ಒಣಹಾಕಲು ಮಾಡಿನಡಿ ಜಾಗ. ಎಲ್ಲಕ್ಕಿಂತ ಮಿಗಿಲಾಗಿ, ಬೀದಿಗೆ ಮುಖ ಮಾಡಿದ ಜಗಲಿ. ಲೈನಿನ ಮನೆಗಳು ಎಷ್ಟೇ ಇಕ್ಕಟ್ಟಾದರೂ ಮುಂದಿನ ಜಗಲಿಯಲ್ಲಿ ಕುಳಿತವರಿಗೆ ನೆರೆಯವರ ಕಷ್ಟಸುಖ ತಿಳಿಯುತ್ತದೆ. ನೆಲಮಟ್ಟವನ್ನೆಲ್ಲ ಕಾರುಗಳಿಗೆ ಬಿಟ್ಟುಕೊಟ್ಟ ಕಟ್ಟಡದಲ್ಲಿ ಅದಕ್ಕೆ ಅವಕಾಶವೆಲ್ಲಿ?

ಪರವಾನಗಿ ಕೊಡುವ ನಗರಸಭೆಯು ಹೊಸ ಕಟ್ಟಡದ ನಕ್ಷೆಯೊಡನೆ ಅಕ್ಕಪಕ್ಕದ ನಾಲ್ಕು ಮನೆಗಳ ನಕ್ಷೆಯನ್ನೂ ಕೇಳಲಿ. ಅವರ ಬೆಳಕು, ಗಾಳಿ, ನೀರಿನ ದಾರಿ ಕೆಡದಿದ್ದರೆ ಒಪ್ಪಿಗೆ ಕೊಡಲಿ. ಆ ಕಟ್ಟಡಕ್ಕೆ ಬಾಡಿಗೆಗೆ ಬರುವ ನಾವೂ ಆಗ ಆ ಬೀದಿಯವರೇ ಆಗುತ್ತೇವೆ.