ಬಣ್ಣ ನೋಡಿ ನಾಟಿ ಅನ್ಬ್ಯಾಡಿ

ಯುಗಾದಿ ಹತ್ರ ಬಂತು ಅಂದ್ರೆ ಸಾಕು, ವರ್ಷತೊಡಕಿಗೆ ಕೋಳಿ ಕೇಳ್ಕೊಂಡು ಬೆಂಗಳೂರಿನ ನೆಂಟ್ರ ಫೋನು ಸುರುವಾಯ್ತದೆ. "ಅಕ್ಕಾ, ಎರಡು ನಾಟಿ ಹುಂಜ ಮಡಗಿರು." ಈ ಸಲ ಚಿಕ್ಕಮ್ಮನ ಮಗನಿಗೆ ಇದ್ದದ್ದು ಇದ್ದಂಗೆ ಹೇಳ್ಬುಟ್ಟೆ: "ಕೋಳಿ ಅವೆ ಕಣಪ್ಪ, ಆದ್ರೆ ನಾಟಿ ಅನ್ನಕ್ಕಾಗಲ್ಲ." ಅವನಿಗೆ ನಂಬ್ಕೆ ಬರ್ಲಿಲ್ಲ. "ಕೆಂಪು, ಕಪ್ಪು, ಚುಕ್ಕೆ, ಎಲ್ಲಾ ಬಣ್ಣ ಇದ್ವಲ್ಲಕ್ಕ?" ಅಂದ.

ಎಲ್ಲಾರೂ ಎಡವೋದೇ ಇಲ್ಲಿ. ಬಿಳೀದು ಫಾರಂ ಕೋಳಿ, ಬಣ್ಣದ್ದು ನಾಟಿ ಅಂತ ತಿಳ್ಕೊಂಡವ್ರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದೋರು ಹಿತ್ತಲಲ್ಲಿ ಸಾಕೋರಿಗೆ ಅಂತ ಮಾಡಿದ ಗಿರಿರಾಜ ಕೋಳಿಗೂ ಬಗೆಬಗೆ ಬಣ್ಣ ಇರ್ತದೆ. ನಾನು ನೋಡೋದು ಬೇರೆ. ನಾಟಿ ಹ್ಯಾಟೆದು ಸಣ್ಣ ಕಾಲು, ಹಗುರ ಮೈ. ಒಂದೂವರೆ ಕೆ.ಜಿ. ದಾಟೋದು ಅಪರೂಪ. ನಾಯಿ ಅಟ್ಟುಸ್ಕೊಂಡು ಬಂದ್ರೆ ಬುರ್ರಂತ ಸೂರಿಗೆ ಹಾರ್ತದೆ. ಗಿರಿರಾಜಂದು ದಪ್ಪಗಾಲು, ಚೆನ್ನಾಗಿ ಮೇಯ್ಸಿದ್ರೆ 3 ಕೆ.ಜಿ. ತೂಗ್ತದೆ. ಎರಡೂ ಬೆರೆತ ಮರಿ ಮಾತ್ರ ನೋಡಿದ್ ತಕ್ಷಣ ಗೊತ್ತಾಗಲ್ಲ. ಒಂದು ತಾಯಿ ಹಂಗೆ, ಒಂದು ಅಪ್ಪನ ಹಂಗೆ. ಅದರ ಗುಟ್ಟು ಹೊರಗೆ ಬೀಳೋದು ಕಾವಿಗೆ ಕೂರೋ ಹೊತ್ತಲ್ಲಿ.

ಇದು ನನಗೆ ತಿಳಿದದ್ದು ನನ್ನ ತಪ್ಪಿಂದ್ಲೇ. ಆರು ವರ್ಷದ ಹಿಂದೆ ಮೊಟ್ಟೆ ಜಾಸ್ತಿ ಆಗ್ಲಿ ಅಂತ ಗಿರಿರಾಜ ಹುಂಜ ತಂದು, ನಮ್ಮವ್ವ ಕೊಟ್ಟಿದ್ದ ಹ್ಯಾಟೆ ಜೊತೆ ಬುಟ್ಟೆ. ಬೆರಕೆ ಮರಿ ಬೇಗ ಬೆಳೆದ್ವು, ಮೊಟ್ಟೇನೂ ಹೆಚ್ಚಾದ್ವು. ಖುಷಿಯಾಗಿದ್ದೆ. ಅವ್ವನ ಹ್ಯಾಟೆ 12 ಮೊಟ್ಟೆ ಮೇಲೆ 21 ದಿನ ಕೂತ್ರೆ, ಮೇವು ನೀರಿಗೆ ಬುಟ್ರೆ ಏಳ್ತಿರ್ಲಿಲ್ಲ. ಹದ್ದು ಸುಳಿದ್ರೆ ಮರೀನೆಲ್ಲ ರೆಕ್ಕೆ ಅಡಿಗೆ ಕರ್ಕೊತಿತ್ತು. ಅದರ ಮೊಮ್ಮಕ್ಕಳೋ, ಮೊಟ್ಟೆ ಇಕ್ಕಿ ತಿರುಗೂ ನೋಡ್ದೆ ತಿಪ್ಪೆ ಕಡೆ ಓಡ್ತವೆ. ಹೋದ ವರ್ಷ ಒಂದನ್ನ ಮಂಕರಿ ಮುಚ್ಚಿ ಬಲವಂತಕ್ಕೆ ಕೂರಿಸ್ದೆ. ಮೂರನೇ ದಿನಕ್ಕೆ ಮೊಟ್ಟೆ ಎಲ್ಲಾ ತುಳಿದು ಒಡೆದಾಕಿತ್ತು. ಈಗ ಮರಿ ಬೇಕಂದ್ರೆ ದುಡ್ಡು ಕೊಟ್ಟು ತರ್ಬೇಕು.

ಗಿರಿರಾಜ ಕೆಟ್ಟದ್ದು ಅಂತ ನಾನು ಅನ್ನಲ್ಲ. ಮೊಟ್ಟೆ ಮಾರಿ ಸಂಸಾರ ತೂಗಿಸೋಳಿಗೆ ಅದು ಆಸರೆ. ಬೆರಕೆ ಕೋಳಿ ಸಾರೂ ರುಚಿಯಾಗೇ ಇರ್ತದೆ. ಆದ್ರೆ ಬೆರಕೇನ ಬೆರಕೆ ಅಂತ್ಲೇ ಹೇಳಿ ಮಾರಿ. ನಾಟಿ ರೇಟು ಈಸ್ಕೊಂಡು ಬೆರಕೆ ಕೊಡೋದು ತಕ್ಕಡೀಲಿ ಮೋಸ ಮಾಡ್ದಂಗೆ. ಮನೇಲಿ ಎರಡೂ ಸಾಕೋದಾದ್ರೆ, ಕಾವಿಗೆ ಕೂರೋ ಹ್ಯಾಟೆ ಒಂದನ್ನಾದ್ರೂ ನಾಟಿ ಹುಂಜದ ಜೊತೆ ಬೇರೆ ಮಡಗಿ.

ತಂಗಿ ಮನೇಲಿ ಅವ್ವನ ಕೋಳಿ ಸಂತಾನ ಇನ್ನೂ ಅದೆ. ಮೊನ್ನೆ ಅಲ್ಲಿಂದ ಒಂದು ಹ್ಯಾಟೆ, ಒಂದು ಹುಂಜ ತಂದೆ. ನಮ್ಮನೆ ಹುಂಜನ ಆ ತಮ್ಮನಿಗೇ ಕೊಟ್ಟು ಕಳಿಸ್ದೆ, ಬೆರಕೆ ಅಂತ ಹೇಳೇ ಕಳಿಸ್ದೆ. ಹೊಸ ಹ್ಯಾಟೆ ದಿನಾ ಮೊಟ್ಟೆ ಇಕ್ತಾ ಅದೆ. ಕಾವಿಗೆ ಯಾವತ್ತು ಕೂರ್ತದೋ ಅಂತ ಬೆಳಿಗ್ಗೆ ಎದ್ದೇಟ್ಗೆ ಗೂಡಿಗೆ ಬಗ್ಗಿ ನೋಡ್ತೀನಿ.