ಒಂದು ಹಾಡು ತಗದದ್ದು, 40 ಕಮ್ಮಿ



ಪೋಸ್ಟ್ ಉದ್ದ ಐತಿ, ಪುರಸೊತ್ತು ಇದ್ದಾಗ ಓದ್ರಿ.

ಕಳೆದ ತಿಂಗಳು ಗರಗದ ನಮ್ಮ ಹಳೇ ಮನಿ ಸೋರತೈತಿ ಅಂತ ಸಾಮಾನೆಲ್ಲ ಹೊರಗ ಹಾಕಿದ್ವಿ. ತೀರಿಹೋದ ಕಾಕಾನ ಟ್ರಂಕು ಸಿಕ್ತು. ಒಳಗಿನ ಕಾಗದಪತ್ರ ಎಲ್ಲಾ ಯಾವಾಗೋ ರದ್ದಿಗೆ ಹೋಗ್ಯಾವು. ಉಳಿದದ್ದು ಒಂದೇ ನೋಟ್‌ಬುಕ್ಕು. ಅದೂ ಯಾಕ ಉಳೀತು ಅಂದ್ರ, ಹಿಂದಿನ ಹಾಳಿಯೊಳಗ ನಮ್ಮವ್ವ ನನ್ನ ಕೈಲೆ ಹಾಲಿನ ಲೆಕ್ಕ ಬರೆಸ್ತಿದ್ದಳು.

ಮುಂದಿನ ಹಾಳಿಯೊಳಗ ಕಾಕಾನ ಅಕ್ಷರ. 1986ರ ಜಯಂತಿಗೆ ಅವನೂ ಅವನ ಗೆಳೆಯರೂ ಹಾಡಿನ ಪುಸ್ತಕ ಹಾಕಿಸಿದ್ದರು. 500 ಪ್ರತಿ, ಬೆಲೆ 1 ರೂಪಾಯಿ. ಪ್ರೆಸ್ಸಿಗೆ ಪೂರ್ತಿ ಮುಂಗಡ, ಪಕ್ಕದಾಗ "ಅರ್ಧಕ್ಕ ಒಪ್ಪಲಿಲ್ಲ" ಅಂತ ಬರದಾನ. ತಡಕೋಡದಾಗ ಎಷ್ಟು ಹೋದವು, ಹಂಗರಕಿಯೊಳಗ ಎಷ್ಟು, ಯಾರು ಉದ್ರಿ ಒಯ್ದರು. ಉದ್ರಿ ಪಟ್ಟಿನೇ ಉದ್ದ. ನಡುವೆ ಒಂದು ಸಾಲು: "ಒಂದು ಹಾಡು ತಗದದ್ದು. 40 ಕಮ್ಮಿ."

ಯಾವ ಹಾಡು? ಹಾಳಿ ಹೆಚ್ಚಾಗ್ತಾವು ಅಂತ ರೊಕ್ಕಕ್ಕ ತಗದರೋ, ಪ್ರೆಸ್ಸಿನವ ಅಂಜಿ ತಗಿ ಅಂದನೋ, ಊರ ಗೌಡರ ಹೆಸರಿತ್ತೋ? ಕೇಳೋಣಂದ್ರ ಕಾಕಾ ಇಲ್ಲ. ಅಚ್ಚಾದ ಪುಸ್ತಕನೂ ನಮ್ಮಲ್ಲಿ ಒಂದೂ ಇಲ್ಲ.

ಕೆಲಸದಿಂದ ನಾನು ಗುಮಾಸ್ತ. ಕಡತ ಕಟ್ಟೋದು, ಬಿಚ್ಚೋದು. ಆಫೀಸಿನಾಗ ಮುಗಿದ ಪ್ರತಿ ಕಡತಕ್ಕೂ ಒಂದು ವರ್ಗ ಹಾಕಬೇಕು. ಎ ವರ್ಗ ಅಂದ್ರ ಶಾಶ್ವತ, ಕೆಳಗಿನ ವರ್ಗದವನ್ನ ಅವಧಿ ಮುಗಿದ ಮ್ಯಾಲೆ ನಾಶ ಮಾಡತಾರ. (ಕೆಳಗಿನ ವರ್ಗ ಅಂದಕೂಡಲೇ ನಿಮಗೇನು ನೆನಪಾತು ಗೊತ್ತೈತಿ. ನನಗೂ ದಿನಾ ನೆನಪಾಗತೈತಿ.) ಯಾವುದು ಉಳೀಬೇಕು ಅಂತ ಯಾರೋ ಒಬ್ಬ ಕುಂತು ಬರೀತಾನ. ಕಾಕಾನ ಟ್ರಂಕಿಗೆ ಹಂಗ ಬರಿಯವರು ಯಾರೂ ಇರಲಿಲ್ಲ.

ಬಾಬಾಸಾಹೇಬರು 1913ರಲ್ಲಿ ಓದಲು ಹೋದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇವತ್ತು ಪಾಲ್ ರೆನಾಲ್ಡ್ಸ್ ಅನ್ನುವ ಲಿಟರರಿ ಏಜೆನ್ಸಿಯ ವ್ಯವಹಾರದ ಕಾಗದಗಳನ್ನು ಜೋಪಾನ ಮಾಡಿ ಇಟ್ಟಿದ್ದಾರೆ. ಲಿಟರರಿ ಏಜೆನ್ಸಿ ಅಂದ್ರ ಲೇಖಕನ ಪರವಾಗಿ ಪ್ರಕಾಶಕರ ಜೊತೆ ಮಾತಾಡಿ, ಕರಾರು ಮಾಡಿಸಿ, ರಾಯಲ್ಟಿ ವಸೂಲಿ ಮಾಡಿ, ತನ್ನ ಕಮಿಷನ್ ಇಟ್ಟುಕೊಳ್ಳೋ ಕಚೇರಿ. ಹೊಟ್ಟೆಪಾಡಿನ ಕೆಲಸದ ಕಾಗದ ಅವು, ಕವಿತೆ ಅಲ್ಲ. ಆದ್ರ ಕರಿಯ ಲೇಖಕ ರಿಚರ್ಡ್ ರೈಟ್‌ಗೆ ಏಜೆಂಟ್ ಆಗಿದ್ದವರು ಇದೇ ರೆನಾಲ್ಡ್ಸ್. ರೈಟ್‌ನ ಆತ್ಮಕಥೆ 'ಬ್ಲ್ಯಾಕ್ ಬಾಯ್' 1945ರಲ್ಲಿ ಬಂದಾಗ ಅರ್ಧ ಕಥೆಯೇ ಇರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅನುಭವಿಸಿದ ಅವಮಾನ ಇತ್ತು, ಉತ್ತರದ ಶಿಕಾಗೋಕ್ಕೆ ಹೋದ ಮೇಲಿನ ಭಾಗ ಇರಲಿಲ್ಲ. ದೊಡ್ಡದೊಂದು ಪುಸ್ತಕ ಕ್ಲಬ್ ಮೊದಲ ಭಾಗ ಮಾತ್ರ ಸಾಕು ಅಂದಿತ್ತು. ಬಿಟ್ಟ ಭಾಗ ಪುಸ್ತಕವಾಗಿ ಬಂದದ್ದು 1977ರಲ್ಲಿ, ಅವನು ತೀರಿಕೊಂಡು 17 ವರ್ಷದ ಮೇಲೆ. ಪತ್ರ, ಪ್ರೂಫ್ ಉಳಿದಿದ್ದಕ್ಕೆ ಯಾರು ಏನು ಕತ್ತರಿಸಿದರು ಅಂತ ಜಗತ್ತಿಗೆ ಗೊತ್ತಾತು. ನಮ್ಮ ಕಾಕಾನ ಆ ಒಂದು ಹಾಡಿಗೆ ಈ ಭಾಗ್ಯ ಇಲ್ಲ.

ಕನ್ನಡದಾಗ ಏಜೆನ್ಸಿ ಅನ್ನೋದು ಬೆಳೀಲಿಲ್ಲ. ಲೇಖಕನೇ ಪ್ರಕಾಶಕರ ಮನಿಗೆ ಹೋಗಬೇಕು. ನಮ್ಮ ಧಾರವಾಡದಾಗ ಆ ಮನಿ ಅಂದ್ರ ಸುಭಾಸ ರಸ್ತೆಯ ಅಟ್ಟ, ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ. ಕಾರ್ನಾಡರ 'ಯಯಾತಿ', ಅನಂತಮೂರ್ತಿಯವರ 'ಸಂಸ್ಕಾರ' ಅಲ್ಲಿಂದಲೇ ಬಂದವು. ಮುಂಚಿತವಾಗಿ ಚಂದಾ ಕಟ್ಟಿದವರಿಗೆ ಪುಸ್ತಕ ಕಳಿಸಿ ಕಟ್ಟಿದ ಸಂಸ್ಥೆ ಅದು, ದೊಡ್ಡ ಕೆಲಸ, ನಾನು ಅಲ್ಲಗಳೆಯೋದಿಲ್ಲ. ಹಳೇ ಚಂದಾದಾರರ ಪಟ್ಟಿಯೊಂದನ್ನ ನೋಡಬೇಕು ಅನ್ನೋ ಆಸೆ ಮಾತ್ರ ನನಗೈತಿ. ಗರಗದಿಂದ ಯಾರಿದ್ದರು? ಊರೊಳಗಿನವರೋ, ನಮ್ಮ ಕೇರಿಯವರು ಒಬ್ಬರಾದರೂ ಇದ್ದರೋ? ಸಾಹಿತ್ಯ ಚರಿತ್ರೆ ಬರಿಯವರು ವಿಮರ್ಶೆ ಓದತಾರ, ಚಂದಾ ಪಟ್ಟಿ ಓದೂದಿಲ್ಲ. ಕನ್ನಡದ ಓದುಗ ಅಂದ್ರ ಯಾರು ಅನ್ನೋದಕ್ಕ ಉತ್ತರ ಅದರೊಳಗ ಇರತೈತಿ.

ಹಂಗ ನೋಡಿದ್ರ ಕಾಕಾನ ಉದ್ರಿ ಪಟ್ಟಿನೂ ಚಂದಾ ಪಟ್ಟಿನೇ. ಕೂಲಿ ಬಂದ ಮ್ಯಾಲೆ ಕೊಡತೀನಿ ಅಂತ ಹೇಳಿ ಪುಸ್ತಕ ಒಯ್ದವರು ಅವರು.

ಈ ಮಾತು ಎತ್ತಿದ್ರ ನಮ್ಮ ಗೆಳೆಯರೇ ಅಂತಾರ: "ಹೋರಾಟದಾಗ ರಸೀದಿ ಯಾರ್ ಇಡತಾರೋ ಮಾರಾಯಾ?" ಬಾಬಾಸಾಹೇಬರು ಇಟ್ಟರು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನ ಅಧ್ಯಕ್ಷರಾಗಿ ಕರೆದು, ಭಾಷಣ ಓದಿ ಬೆಚ್ಚಿ, ಕೆಲವು ಭಾಗ ತಗೀರಿ ಅಂತು. ಇವರು ಒಂದು ಅಲ್ಪವಿರಾಮನೂ ಬದಲಿಸೋದಿಲ್ಲ ಅಂದರು. ಸಮ್ಮೇಳನವೇ ನಿಂತುಹೋಯಿತು. ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು, ಎರಡೇ ತಿಂಗಳಲ್ಲಿ ಖಾಲಿ. ಅದೇ 'ಜಾತಿ ವಿನಾಶ'. ಅದರ ಮುಂದೆ ಏನು ಹಾಕಿದರು? ಮಂಡಲದವರ ಜೊತೆ ನಡೆದ ಪತ್ರಗಳು! ಎಲ್ಲಿ ಅಚ್ಚು ಹಾಕಿಸಬೇಕು, ಯಾವುದನ್ನ ಬಿಡಬೇಕು ಅನ್ನೋ ತಕರಾರು ಸಮೇತ. ಪತ್ರ ಹರಿದು ಒಗೆದಿದ್ದರೆ ಮಂಡಲದವರು ನಾಳೆ ಬೇರೆ ಕಥೆ ಹೇಳಬಹುದಿತ್ತು.

ಇನ್ನೊಂದು. 1956ರ ಸೆಪ್ಟೆಂಬರ್ 14ರಂದು ಅವರು ನೆಹರೂಗೆ ಬರೆದ ಪತ್ರ. 'ಬುದ್ಧ ಮತ್ತು ಅವನ ಧಮ್ಮ' ಅಚ್ಚಿಗೆ ಸುಮಾರು 20,000 ರೂಪಾಯಿ ಬೇಕು, ಸರ್ಕಾರ 500 ಪ್ರತಿ ಕೊಂಡರೆ ಅನುಕೂಲ ಅಂತ. ಮರುದಿನವೇ ಉತ್ತರ ಬಂತು, ಆ ಹಣ ಮುಗಿದಿದೆ ಅಂತ. ಸಂವಿಧಾನ ಬರೆದವರು ತಮ್ಮ ಪುಸ್ತಕಕ್ಕ ಗಿರಾಕಿ ಹುಡುಕಬೇಕಾತು. ಡಿಸೆಂಬರ್ 6ಕ್ಕೆ ಹೋದರು, ಪುಸ್ತಕ ಬಂದದ್ದು 1957ರಲ್ಲಿ. ಈ ಪತ್ರ ಓದಿದಾಗ ನನಗೆ ಬಂದಷ್ಟು ಸಿಟ್ಟು ಯಾವ ಭಾಷಣ ಕೇಳಿದಾಗಲೂ ಬಂದಿಲ್ಲ.

ಈಗ ನಮ್ಮ ತಪ್ಪನ್ನೂ ಹೇಳಬೇಕು. ಸಂಘಟನೆ ಒಡೆದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಪೆಟ್ಟಿಗಿ ಹೊತ್ತುಕೊಂಡು ಹೋದೆವು. ರಸೀದಿ ಬುಕ್ಕು ಒಬ್ಬರ ಹತ್ರ, ಪೋಸ್ಟರ್ ಇನ್ನೊಬ್ಬರ ಹತ್ರ. ಲೆಕ್ಕ ಹೊರಗ ಬಂದ್ರ ಜಗಳ ಆಗತೈತಿ ಅಂತ ಸುಟ್ಟವರನ್ನೂ ಕಂಡೀನಿ. ಆಗಲಿ ಬಿಡ್ರಿ ಜಗಳ. ನಮ್ಮೂರ ಖಾದಿ ಕೇಂದ್ರದಾಗ ರಾಷ್ಟ್ರಧ್ವಜದ ಬಟ್ಟಿಗೆ ಎಳಿ ಎಣಿಸಿ ಲೆಕ್ಕ ಇಡತಾರ. ನಮ್ಮ ನೀಲಿ ಧ್ವಜದ ಕೆಳಗ ಮಾರಿದ ಪುಸ್ತಕಕ್ಕ ಒಂದು ಚೀಟಿನೂ ಇಲ್ಲ.

ಧಾರವಾಡದಾಗ ರಾಜ್ಯ ಪತ್ರಾಗಾರ ಇಲಾಖೆಯ ಕಚೇರಿ ಐತಿ. ಖಾಸಗಿ ಕಾಗದ ಕೊಟ್ಟರ ಹೆಂಗ ತಗೋತಾರ, ಏನು ಅರ್ಜಿ ಅಂತ ಸೋಮವಾರ ರಜಾ ಹಾಕಿ ಕೇಳಿ ಬರತೀನಿ. ಮೂಲ ಕೊಡಾಕ ಮನಸ್ಸಿಲ್ಲದವರು ಫೋಟೊ ಕೊಟ್ಟರೂ ಸಾಕು. ಪ್ರೆಸ್ಸಿನ ಬಿಲ್ಲು, ಉದ್ರಿ ಚೀಟಿ, ಮನಿಆರ್ಡರ್ ರಸೀದಿ, ಏನಿದ್ದರೂ ಸರಿ, ಗೆದ್ದಲು ಹಿಡಿದಿದ್ದರೂ ಸರಿ.

ಗರಗ, ತಡಕೋಡ, ಹಂಗರಕಿ ಕಡೆಯ ಹಿರಿಯರೇ, 1986ರ ಆ ಹಾಡಿನ ಪುಸ್ತಕ ಯಾರ ಮನಿಯಾಗಾದ್ರೂ ಇದ್ದರ ಒಂದು ಮಾತು ತಿಳಸ್ರಿ. ಬಿಟ್ಟ ಹಾಡು ಯಾರಿಗಾದ್ರೂ ಬಾಯಿಪಾಠ ಇದ್ದರ ನಾನೇ ಬಂದು ಬರಕೋತೀನಿ. ನಿಮ್ಮ ಉದ್ರಿ ಮನ್ನಾ.