ಕೈಗೆಲಸ: ಕಾರಿನ ಅಚ್ಚು ಕಟಕಟಿಸಿದಾಗ

ಈ ಸಲದ ಅಂಕಣಕ್ಕೆ ವಿಷಯ ಒದಗಿಸಿದವರು ಪುಣೆಯ ವಾಚಕರೊಬ್ಬರು. ಅವರಲ್ಲಿ ಹಳೆಯ ಮಾರುತಿ 800 ಇದೆ. ದೀಪಾವಳಿಗೆ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಇವರೊಡನೆ ಅದರಲ್ಲಿಯೇ ಹುಬ್ಬಳ್ಳಿಗೆ ಹೋಗಬೇಕೆಂದಿದ್ದಾರೆ. ಆದರೆ ಒಂದು ತಿಂಗಳಿಂದ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಗೇಟಿನಿಂದ ಹೊರಬೀಳುವಾಗಲೆಲ್ಲ ಮುಂದಿನ ಗಾಲಿಯ ಕಡೆಯಿಂದ ಕಟ ಕಟ ಕಟ ಎಂದು ಶಬ್ದ ಬರುತ್ತಿದೆಯಂತೆ. ಗ್ಯಾರೇಜಿನವರೊಬ್ಬರು ಗಾಡಿಯನ್ನು ಎತ್ತಿಯೂ ನೋಡದೆ, ಎರಡೂ ಆಕ್ಸಲುಗಳನ್ನು ಬದಲಿಸಬೇಕು ಎಂದುಬಿಟ್ಟರಂತೆ. ವಾಚಕರು ಕೇಳಿರುವ ಪ್ರಶ್ನೆಗಳು ಮೂರು: ಎರಡನ್ನೂ ಬದಲಿಸಲೇಬೇಕೆ? ಆ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದೆ? ಏನೂ ಮಾಡದೆ ಹಾಗೆಯೇ ಊರಿಗೆ ಹೊರಟರೆ ಏನಾದೀತು?

ನಮ್ಮಲ್ಲಿ ಅನೇಕ ಕುಟುಂಬಗಳು ಹಬ್ಬಕ್ಕೆ, ಮದುವೆ ಮುಂಜಿಗಳಿಗೆ ಇದೇ ರೀತಿ ಗಾಡಿ ಹತ್ತಿ ಊರ ದಾರಿ ಹಿಡಿಯುವುದರಿಂದ, ಉತ್ತರವನ್ನು ಎಲ್ಲರಿಗೂ ಉಪಯೋಗವಾಗುವಂತೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎತ್ತಿನ ಗಾಡಿಯ ಅಚ್ಚನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಅದು ತಾನು ತಿರುಗುವುದಿಲ್ಲ. ಗಾಲಿ ಅದರ ಮೇಲೆ ತಿರುಗುತ್ತದೆ. ಆಗಾಗ ಕೀಲೆಣ್ಣೆ ಹಾಕಿದರೆ ಅದರ ಆರೈಕೆ ಮುಗಿಯಿತು. ಕಾರಿನ ಅಚ್ಚು ಹಾಗಲ್ಲ. ಅದು ತಾನೇ ತಿರುಗಿ, ಗಾಲಿಯನ್ನೂ ತಿರುಗಿಸತಕ್ಕದ್ದು. 2014ರ ಮೇ ತಿಂಗಳವರೆಗೆ ತಯಾರಾಗುತ್ತಿದ್ದ ಅಂಬಾಸಿಡರಿನಲ್ಲಿ ಎಂಜಿನಿನ ಶಕ್ತಿ ಹಿಂದಿನ ಗಾಲಿಗಳಿಗೆ ಹೋಗುತ್ತಿತ್ತು. ಅಚ್ಚು ದಪ್ಪ ಉಕ್ಕಿನ ಕವಚದೊಳಗೆ ಭದ್ರವಾಗಿ ಕುಳಿತಿರುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಶಕ್ತಿ ಹೋದದ್ದು ಮುಂದಿನ ಗಾಲಿಗಳಿಗೆ. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಇಂದಿನ ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಅದೇ ಏರ್ಪಾಡಿನವು.

ಈ ಏರ್ಪಾಡಿನಲ್ಲಿ ಒಂದು ತೊಡಕುಂಟು. ಮುಂದಿನ ಗಾಲಿ ಎಡಕ್ಕೂ ಬಲಕ್ಕೂ ತಿರುಗಬೇಕು, ತಗ್ಗು ದಿಣ್ಣೆಗಳಲ್ಲಿ ಮೇಲೆ ಕೆಳಗೆ ಆಡಬೇಕು; ಇಷ್ಟರ ನಡುವೆಯೂ ಎಂಜಿನು ಕೊಟ್ಟ ವೇಗದಲ್ಲಿ ಏರುಪೇರಿಲ್ಲದೆ ಸುತ್ತಬೇಕು. 17ನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರಿನಿಂದ ಪ್ರಸಿದ್ಧವಾದ ಹಳೆಯ ಬಗೆಯ ಕೀಲು ಬಾಗಿದಾಗ ಪ್ರತಿ ಸುತ್ತಿನಲ್ಲಿಯೂ ಎರಡು ಸಲ ಮುಂದೋಡಿ, ಎರಡು ಸಲ ಹಿಂದೆ ಬೀಳುತ್ತದೆ. ಈ ಕುಂದನ್ನು ನೀಗಿಸಿದ್ದು 1920ರ ದಶಕದಲ್ಲಿ ಅಮೆರಿಕೆಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ರಚಿಸಿದ ಕೀಲು. ಒಂದು ಉಕ್ಕಿನ ಬಟ್ಟಲು, ಅದರೊಳಗೆ ದುಂಡನೆಯ ಇನ್ನೊಂದು ತುಂಡು, ಎರಡರ ನಡುವಣ ತೋಡುಗಳಲ್ಲಿ ಆರು ಉಕ್ಕಿನ ಗುಂಡುಗಳು. ಕೀಲು ಎಷ್ಟೇ ಬಾಗಿದರೂ ವೇಗ ಒಂದೇ ಸಮ. ಗ್ಯಾರೇಜಿನವರು ಸಿ.ವಿ. ಜಾಯಿಂಟ್ ಎನ್ನುವುದು ಇಂಥ ಕೀಲಿಗೇ. ಪ್ರತಿಯೊಂದು ಅಚ್ಚಿಗೂ ಇಂಥವು ಎರಡು: ಗಾಲಿಯ ಕಡೆ ಒಂದು ಹೊರಕೀಲು, ಗೇರುಪೆಟ್ಟಿಗೆಯ ಕಡೆ ಒಂದು ಒಳಕೀಲು. ಗಾಲಿ ಮೇಲೆ ಕೆಳಗೆ ಆಡಿದಾಗ ಅಚ್ಚಿನ ಉದ್ದ ಕೊಂಚ ಹೆಚ್ಚು ಕಡಿಮೆಯಾಗಬೇಕಷ್ಟೆ. ಅದಕ್ಕಾಗಿ ಒಳಕೀಲು ಮುಂದಕ್ಕೂ ಹಿಂದಕ್ಕೂ ಜಾರುವಂತೆ ಮಾಡಿರುತ್ತಾರೆ.

ಎರಡು ಕೀಲುಗಳಲ್ಲಿಯೂ ಕಪ್ಪು ಬಣ್ಣದ ವಿಶೇಷ ಗ್ರೀಸು ತುಂಬಿರುತ್ತದೆ. ಅದು ಸೋರಿಹೋಗದಂತೆ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಒಂದು ರಬ್ಬರಿನ ಚೀಲವನ್ನು ಮೇಲೆ ಬಿಗಿದಿರುತ್ತಾರೆ. ಇದಕ್ಕೆ ಬೂಟು ಎಂದು ಹೆಸರು. ವಾಚಕರು ಮುಖ್ಯವಾಗಿ ಗಮನಿಸಬೇಕಾದದ್ದು ಇದನ್ನೇ. ಬೂಟು ಗಟ್ಟಿಯಾಗಿರುವವರೆಗೆ ಕೀಲು ಬಹುಕಾಲ ಬಾಳುತ್ತದೆ. ಬೂಟು ಬಿರಿಯಿತೆಂದರೆ ಗಾಲಿ ಸುತ್ತುವ ರಭಸಕ್ಕೆ ಗ್ರೀಸು ಹೊರಕ್ಕೆ ಚಿಮ್ಮುತ್ತದೆ. ಮಳೆನೀರು, ಮರಳು, ಧೂಳು ಒಳಸೇರುತ್ತವೆ. ಆ ಮೇಲೆ ಆರು ಗುಂಡುಗಳೂ ಅರೆಯುವ ಕಲ್ಲಿನ ಕೆಲಸ ಮಾಡುತ್ತವೆ. ಮುಂದಿನ ಗಾಲಿಯ ಅಡ್ಡಳತೆ ಅರ್ಧ ಮೀಟರೆಂದು ಹಿಡಿದರೆ, ಅದು ಕಿಲೋಮೀಟರಿಗೆ ಸುಮಾರು 630 ಸುತ್ತು ತಿರುಗುತ್ತದೆ. ಪುಣೆಯಿಂದ ಹುಬ್ಬಳ್ಳಿಗೆ ಸುಮಾರು 430 ಕಿಲೋಮೀಟರು. ಎಂದರೆ 2,70,000 ಸುತ್ತು. ಗ್ರೀಸಿಲ್ಲದ ಕೀಲಿಗೆ ಇದು ಎಂಥ ಶಿಕ್ಷೆಯೆಂಬುದನ್ನು ತಾವೇ ಊಹಿಸಬಹುದು.

ಈಗ ಮೊದಲನೆಯ ಪ್ರಶ್ನೆ. ಎರಡೂ ಅಚ್ಚುಗಳು ಒಟ್ಟಿಗೇ ಕೆಡಬೇಕೆಂಬ ನಿಯಮವಿಲ್ಲ. ಜನಸಂಚಾರವಿಲ್ಲದ ಬಯಲಿನಲ್ಲಿ ಕಿಟಕಿಗಳನ್ನು ಇಳಿಸಿ, ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹಾಕಿ; ಅನಂತರ ಬಲಕ್ಕೆ ಒಂದು ಸುತ್ತು. ಎಡಕ್ಕೆ ತಿರುಗುವಾಗ ಶಬ್ದ ಹೆಚ್ಚಾದರೆ ಸಾಧಾರಣವಾಗಿ ಬಲಗಡೆಯ ಹೊರಕೀಲು, ಬಲಕ್ಕೆ ತಿರುಗುವಾಗ ಹೆಚ್ಚಾದರೆ ಎಡಗಡೆಯದು ಸವೆದಿದೆ ಎಂದು ತಿಳಿಯಬೇಕು. ನೇರ ರಸ್ತೆಯಲ್ಲಿ ವೇಗ ಹೆಚ್ಚಿಸುವಾಗ ಗಾಡಿ ನಡುಗಿದರೆ ಒಳಕೀಲಿನ ಮೇಲೆ ಸಂಶಯಪಡಬೇಕು. ಕಟಕಟ ಎನ್ನದೆ, ವೇಗದೊಡನೆ ಏರುವ ಒಂದೇ ಸಮನೆಯ ಗುಂಯ್‌ಗುಡುವ ಶಬ್ದವಿದ್ದರೆ ಅದು ಬಹುಶಃ ಗಾಲಿಯ ಬೇರಿಂಗಿನದು. ಅದಕ್ಕಾಗಿ ಅಚ್ಚನ್ನು ಬದಲಿಸಿದರೆ ಹಣ ದಂಡ. ಆಮೇಲೆ ಟಾರ್ಚು ಹಿಡಿದು ನಾಲ್ಕೂ ಬೂಟುಗಳನ್ನು ನೋಡಿ. ಬೂಟು ಹರಿದು ಶಬ್ದವೂ ಬರುತ್ತಿದ್ದರೆ ಆ ಕಡೆಯ ಅಚ್ಚನ್ನು ಬದಲಿಸಿ. ಬೂಟು ಈಗತಾನೆ ಬಿರಿದಿದ್ದು, ಶಬ್ದವಿಲ್ಲದೆ, ಗ್ರೀಸಿನಲ್ಲಿ ಮರಳು ಸೇರದಿದ್ದರೆ ಹೊಸ ಬೂಟು, ಹೊಸ ಗ್ರೀಸು ಸಾಕು. ಬೂಟು ಗಟ್ಟಿಯಾಗಿದ್ದು ಶಬ್ದವೂ ಇಲ್ಲದ ಅಚ್ಚನ್ನು ಮುಟ್ಟಬೇಡಿ. ಯಾರಾದರೂ ಎರಡನ್ನೂ ಬದಲಿಸಿ ಎಂದರೆ, "ಬೂಟು ತೋರಿಸಿ" ಎಂದು ಕೇಳುವ ಹಕ್ಕು ತಮಗಿದೆ.

ಮೂರನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಶಬ್ದ ಮಾಡುವ ಕೀಲಿನೊಡನೆ ದೂರದ ಪ್ರಯಾಣ ಬೇಡ. ಕೀಲು ಪೂರ್ತಿ ಮುರಿದರೆ ಎಂಜಿನು ಸುಮ್ಮನೆ ಸುತ್ತುತ್ತದೆ, ಗಾಡಿ ಚಲಿಸುವುದಿಲ್ಲ. ಏಕೆಂದರೆ ಶಕ್ತಿಯೆಲ್ಲ ಮುರಿದ ಕಡೆಗೇ ಸೋರಿಹೋಗುತ್ತದೆ. ಘಾಟಿನ ಏರಿನಲ್ಲಿ, ಹಿಂದೆ ಲಾರಿಗಳ ಸಾಲಿರುವಾಗ ಹೀಗಾದರೆ ಅಪಾಯವೇ ಸರಿ. ಇನ್ನೊಂದು ಮಾತು: ಅಚ್ಚು ಮುರಿದ ಗಾಡಿಯನ್ನು ಗೇರಿನಲ್ಲಿ ಹಾಕಿ ನಿಲ್ಲಿಸಿದರೆ ಅದು ನಿಲ್ಲುವುದಿಲ್ಲ, ಇಳಿಜಾರಿನಲ್ಲಿ ಉರುಳಿಬಿಡುತ್ತದೆ. ಹಿಂದಿನ ಗಾಲಿಗಳನ್ನು ಹಿಡಿಯುವ ಕೈಬ್ರೇಕೊಂದೇ ಆಗ ಆಧಾರ. ಆದುದರಿಂದ ರಿಪೇರಿ ಮೊದಲು, ಪ್ರಯಾಣ ಆಮೇಲೆ.

ಇನ್ನು ಮನೆಯಲ್ಲಿ ಮಾಡುವ ವಿಚಾರ. ಯಂತ್ರದ ಕೆಲಸದಲ್ಲಿ ಕೈಪಳಗಿದವರು, ಜೊತೆಗೆ ಒಬ್ಬ ಸಹಾಯಕನಿದ್ದರೆ, ಒಂದು ರಜಾದಿನದಲ್ಲಿ ಇದನ್ನು ಮಾಡಬಹುದು. ಆದರೆ ಮೂರು ವಸ್ತುಗಳಿಲ್ಲದೆ ಕೈಹಾಕಬಾರದು: ಒಂದು ಜೊತೆ ಗಟ್ಟಿ ಜಾಕ್‌ಸ್ಟ್ಯಾಂಡು, ಟಾರ್ಕ್ ರೆಂಚು, ತಮ್ಮ ಗಾಡಿಯ ರಿಪೇರಿ ಕೈಪಿಡಿ. ನೆಲ ಸಮತಟ್ಟಾದ ಕಾಂಕ್ರೀಟಾಗಿರಬೇಕು. ಮಾರುತಿ 800ರಂಥ ಹಗುರ ಗಾಡಿಯೂ ಸುಮಾರು 650 ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ಹೆಚ್ಚಿನ ಭಾರ ಎಂಜಿನಿರುವ ಮುಂಭಾಗದ ಮೇಲೆಯೇ. ಗಾಡಿಯೊಡನೆ ಕೊಡುವ ಜಾಕು ಟಯರು ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ತಲೆಯನ್ನೂ ಇಡಬಾರದು. ಇಟ್ಟಿಗೆಯ ಅಟ್ಟಿ ಕಟ್ಟಿದರಾಯಿತೆಂದು ಕೆಲವರು ಹೇಳುತ್ತಾರೆ. ಇಟ್ಟಿಗೆ ಒಮ್ಮೆಗೇ, ಮುನ್ಸೂಚನೆಯಿಲ್ಲದೆ ಸಿಡಿಯುತ್ತದೆ. ಉಳಿಯುವ ಮಜೂರಿ ಒಂದು ಪ್ರಾಣಕ್ಕೆ ಸಮನಲ್ಲ. ಸ್ಟ್ಯಾಂಡು ಇಲ್ಲವೇ, ಕೆಲಸ ಗ್ಯಾರೇಜಿಗೆ ಹೋಗಲಿ.

ಕೆಲಸದ ಕ್ರಮ ಹೀಗೆ. ಹೊಸ ಅಚ್ಚನ್ನು ತಂದೊಡನೆ ಗಾಡಿಯ ಮಾದರಿ, ವರ್ಷ, ಎಡ ಬಲ ಇವು ಹೊಂದುತ್ತವೆಯೇ ನೋಡಿ, ಎ.ಬಿ.ಎಸ್. ಇರುವ ಗಾಡಿಯಾದರೆ ಹಳೆಯದರಲ್ಲಿ ಹಲ್ಲಿನ ಬಳೆ ಇದ್ದ ಪಕ್ಷಕ್ಕೆ ಹೊಸದರಲ್ಲಿಯೂ ಇರಬೇಕು. ಗಾಡಿ ನೆಲದ ಮೇಲೆ ನಿಂತಿರುವಾಗಲೇ, ಸಹಾಯಕನಿಂದ ಬ್ರೇಕು ಒತ್ತಿಸಿ, ಗಾಲಿಯ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಿ. ಅದರ ಅಂಚನ್ನು ಅಚ್ಚಿನ ತೋಡಿಗೆ ಬಡಿದು ಮಡಿಸಿದ್ದರೆ ಮೊದಲು ಆ ಮಡಿಕೆಯನ್ನು ಬಿಡಿಸಬೇಕು. ಹಿಂದಿನ ಎರಡು ಗಾಲಿಗಳಿಗೂ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಕೈಬ್ರೇಕು ಎಳೆದು, ಆಮೇಲೆ ಮುಂಭಾಗವನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಕೆಳಗೆ ಹೋಗುವ ಮೊದಲು ಗಾಡಿಯನ್ನು ಪಕ್ಕದಿಂದ ದೂಡಿ ನೋಡಿ. ಅಲುಗಿದರೆ ಇಳಿಸಿ ಮತ್ತೆ ಕೂರಿಸಿ.

ಗಾಲಿ ಕಳಚಿ, ಗೇರೆಣ್ಣೆಯನ್ನು ಬಾಂಡಲಿಗೆ ಇಳಿಸಿಕೊಳ್ಳಿ. ಗಾಲಿಯ ಗುಂಬವನ್ನು ಕೆಳಗಿನ ತೋಳಿಗೆ ಹಿಡಿದಿರುವ ಬಾಲ್ ಜಾಯಿಂಟನ್ನು ಬಿಡಿಸಿ, ಗುಂಬವನ್ನು ಹೊರಕ್ಕೆ ಓಲಿಸಿದರೆ ಅಚ್ಚಿನ ತುದಿ ಅದರಿಂದ ಹೊರಬರುತ್ತದೆ. ಬಿಗಿಯಾಗಿದ್ದರೆ ಹಳೆಯ ನಟ್ಟನ್ನು ತುದಿಗೆ ಸಮವಾಗಿ ಹತ್ತಿಸಿ, ಮರದ ತುಂಡಿಟ್ಟು ಮೆಲ್ಲನೆ ತಟ್ಟಿ. ಈ ನಡುವೆ ಬ್ರೇಕಿನ ರಬ್ಬರು ಕೊಳವೆಯನ್ನು ಜಗ್ಗಬಾರದು. ಒಳತುದಿಯನ್ನು ಗೇರುಪೆಟ್ಟಿಗೆಯಿಂದ ಬಿಡಿಸಲು, ಒಳಕೀಲಿನ ಬಟ್ಟಲಿಗೂ ಪೆಟ್ಟಿಗೆಗೂ ನಡುವೆ ಸನ್ನೆಕೋಲಿಟ್ಟು ಮೀಟಬೇಕು. ಅಚ್ಚಿನ ಕಡ್ಡಿಯನ್ನು ಹಿಡಿದು ಎಳೆದರೆ ಒಳಕೀಲು ಬಿಚ್ಚಿಕೊಳ್ಳುತ್ತದೆ. ಎರಡೂ ಕಡೆಯವನ್ನು ಬದಲಿಸಬೇಕಾಗಿದ್ದರೂ ಒಂದನ್ನು ಕೂರಿಸಿ ಮುಗಿಸಿದ ಮೇಲೆಯೇ ಇನ್ನೊಂದನ್ನು ತೆಗೆಯಿರಿ. ಎರಡನ್ನೂ ಒಮ್ಮೆಗೇ ತೆಗೆದರೆ ಕೆಲವು ಗಾಡಿಗಳಲ್ಲಿ ಒಳಗಿನ ಹಲ್ಲುಗಾಲಿ ಸ್ಥಾನ ತಪ್ಪುತ್ತದೆ.

ಗೇರುಪೆಟ್ಟಿಗೆಯ ಎಣ್ಣೆಸೀಲನ್ನು ಇದೇ ಸಂದರ್ಭದಲ್ಲಿ ಹೊಸದಾಗಿ ಹಾಕುವುದು ಮೇಲು. ಅದರ ತುಟಿಗೆ ಎಣ್ಣೆ ಸವರಿ, ಹೊಸ ಅಚ್ಚನ್ನು ನೇರವಾಗಿ ಒಳದೂಡಿ. ಉಂಗುರವು ಟಕ್ಕೆಂದು ಕೂಡಬೇಕು. ಒಳಕೀಲಿನ ಬಟ್ಟಲನ್ನು ಹಿಡಿದು ಕೊಂಚ ಜಗ್ಗಿ ಅದು ಕೂತಿದೆಯೆಂದು ಖಾತ್ರಿಮಾಡಿಕೊಳ್ಳಿ. ಹೊರತುದಿಯನ್ನು ಗುಂಬದೊಳಗೆ ಸೇರಿಸಿ, ಬಾಲ್ ಜಾಯಿಂಟನ್ನು ಕೂಡಿಸಿ, ಹೊಸ ನಟ್ಟು ಹಾಕಿ. ಈ ನಟ್ಟು ಅಚ್ಚನ್ನು ಮಾತ್ರವಲ್ಲ, ಎಷ್ಟೋ ಗಾಡಿಗಳಲ್ಲಿ ಗಾಲಿಯ ಬೇರಿಂಗನ್ನೂ ಹಿಡಿದಿಡುತ್ತದೆ. ಆದುದರಿಂದ ಬ್ರೇಕು ಒತ್ತಿಸಿ ಇದನ್ನು ಚೆನ್ನಾಗಿ ಬಿಗಿಯುವವರೆಗೆ ಗಾಡಿಯ ಭಾರವನ್ನು ಆ ಗಾಲಿಯ ಮೇಲೆ ಬಿಡಬಾರದು. ಕೊನೆಯ ಬಿಗಿತವನ್ನು ಗಾಡಿ ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಕೊಡಿ. ಅಳತೆ ಗಾಡಿಗೊಂದು, ಕೈಪಿಡಿಯಲ್ಲಿರುವುದೇ ಪ್ರಮಾಣ. ಉದಾಹರಣೆಗೆ 176 ನ್ಯೂಟನ್ ಮೀಟರೆಂದರೆ, ಒಂದು ಮೀಟರು ಉದ್ದದ ಹಿಡಿಯ ತುದಿಯಲ್ಲಿ 18 ಕಿಲೋಗ್ರಾಂ ತೂಗುಬಿಟ್ಟಷ್ಟು. ಕೈಯಂದಾಜು ಇಲ್ಲಿ ನಡೆಯದು. ಬಿಗಿದಾದ ಮೇಲೆ ನಟ್ಟಿನ ಅಂಚನ್ನು ಮೊದಲಿನಂತೆ ತೋಡಿಗೆ ಮಡಿಸಿ ಭದ್ರಪಡಿಸಬೇಕು.

ಇನ್ನು ಗೇರೆಣ್ಣೆಯನ್ನು ಮಟ್ಟಕ್ಕೆ ತುಂಬಿ. ಇದನ್ನು ಮರೆತರೆ ಹೊಸ ಅಚ್ಚಿನ ಸಂತೋಷ ಗೇರುಪೆಟ್ಟಿಗೆಯ ದುಃಖದಲ್ಲಿ ಮುಗಿಯುತ್ತದೆ. ಹೊರಡುವ ಮುಂಚೆ ಬ್ರೇಕಿನ ಪೆಡಲನ್ನು ಕೆಲವು ಸಲ ಒತ್ತಿ ನೋಡಿ. ಊರೊಳಗೇ ಹತ್ತಿಪ್ಪತ್ತು ಕಿಲೋಮೀಟರು ಓಡಿಸಿ, ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಎಣ್ಣೆಯೇನಾದರೂ ತೊಟ್ಟಿಕ್ಕುತ್ತಿದೆಯೇ ಎಂದು ಕೆಳಗೆ ಹಳೆಯ ವರ್ತಮಾನಪತ್ರಿಕೆ ಹಾಸಿ ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ಕಾಗದ ಒಣಗಿಯೇ ಇದ್ದರೆ ಕೆಲಸ ಸರಿಯಾಗಿದೆ. ಬಾಂಡಲಿಯ ಹಳೆಯ ಎಣ್ಣೆಯನ್ನು ಮೋರಿಗೆ ಚೆಲ್ಲದೆ, ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ವಿದ್ಯುತ್ತಿನ ಕಾರಿನವರು ಇದೆಲ್ಲ ತಮಗಲ್ಲವೆಂದು ಪುಟ ತಿರುವಬೇಡಿ. ಎಂಜಿನು ಹೋಗಿ ಮೋಟಾರು ಬಂದರೂ ಗಾಲಿಗೆ ಶಕ್ತಿ ಒಯ್ಯುವುದು ಇಂಥದೇ ಅಚ್ಚು, ಕಾಯುವುದು ಇಂಥದೇ ಬೂಟು. ಆದರೆ ಅಲ್ಲಿ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯದ ವಿದ್ಯುತ್ತು ಹರಿಯುವುದರಿಂದ, ಬೂಟನ್ನು ನೋಡುವುದು ಮಾತ್ರ ತಮ್ಮ ಕೆಲಸ, ಬಿಚ್ಚುವುದು ತರಬೇತಾದವರದು.

ಕಡೆಗೆ ಒಂದು ಸುಲಭದ ಸಲಹೆ. ಅಚ್ಚನ್ನು ಬದಲಿಸುವುದು ಎಲ್ಲರ ಕೈಲಾಗುವುದಲ್ಲ, ಆಗಬೇಕಾದದ್ದೂ ಇಲ್ಲ. ಬೂಟನ್ನು ನೋಡುವುದು ಮಾತ್ರ ಎಲ್ಲರಿಗೂ ಸಾಧ್ಯ. ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಹೊರಬೂಟು ಗಾಲಿಯ ಹಿಂದೆ ಕಾಣುತ್ತದೆ. ಒಳಬೂಟಿಗೆ ಟಾರ್ಚು ಬೇಕು. ರಿಮ್ಮಿನ ಒಳಬದಿಯಲ್ಲಿ ಕಪ್ಪು ಗ್ರೀಸಿನ ಸಿಡಿತವಿದ್ದರೆ ಬೂಟು ಬಿರಿದಿದೆ ಎಂದೇ ಅರ್ಥ. ಆ ಕ್ಷಣಕ್ಕೆ ಬದಲಿಸಿದರೆ ಹೋಗುವುದು ರಬ್ಬರಿನ ಬೆಲೆ; ತಡಮಾಡಿದರೆ ಅಚ್ಚಿನ ಬೆಲೆ. ನಮ್ಮ ಪತ್ರಿಕೆ ವರ್ಷಕ್ಕೆ ನಾಲ್ಕು ಸಲ ತಮ್ಮ ಮನೆಗೆ ಬರುತ್ತದೆ. ಗಾಡಿಗೆ ಬೂಟುಗಳೂ ನಾಲ್ಕು. ಪ್ರತಿ ಸಂಚಿಕೆ ಕೈಸೇರಿದ ದಿನ ಕೆಳಗಿಳಿದು ಆ ನಾಲ್ಕನ್ನೂ ಒಮ್ಮೆ ನೋಡಿಬನ್ನಿ. ಐದು ನಿಮಿಷದ ಕೆಲಸ. ಹಾಗೆ ನೋಡಿಕೊಂಡವರು ಹಬ್ಬಕ್ಕೆ ಊರಿಗೆ ಹೊರಟಾಗ ಘಾಟಿನ ಏರಿನಲ್ಲಿ ಕಿವಿ ನಿಗುರಿಸಿ ಕೂರಬೇಕಾಗಿಲ್ಲ.